ಹನ್ನೊಂದು ಜನರ ಮನೆ, ನಾಲ್ಕು ಸೂಜಿ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆಯ ಒಂದು ನೇಕಾರ ಕುಟುಂಬ. ಎರಡು ಮಳೆಗಾಲ, ಎರಡೂ ಸಲ ಮನೆಗೆ ಫ್ಲೂ ಬಂತು. ಮೊದಲ ಸಲ ಮನೆಯ ಹಿರಿಯರು ಮಿರಜದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಎರಡನೇ ಸಲ ಮನೆಯ ಮಾಳಿಗೆಯಲ್ಲೇ ಮಲಗಿ ಎದ್ದರು. ನಡುವೆ ಮನೆಯವರು ಒಂದು ತೀರ್ಮಾನ ಮಾಡಬೇಕಾಗಿತ್ತು: ಇರುವ ದುಡ್ಡಿಗೆ ನಾಲ್ಕೇ ಲಸಿಕೆ ಬರುತ್ತವೆ, ಯಾರಿಗೆ ಹಾಕಿಸೋದು? ಆ ತೀರ್ಮಾನ ಹೇಗಾಯ್ತು, ಅದರಿಂದ ಏನಾಯ್ತು ಅನ್ನೋದನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ನಾನು ಅವರ ಮನೆಯ ಡಾಕ್ಟರು.

ಮನೆ ಮತ್ತು ಮಂದಿ

ರಸ್ತೆಗೆ ಮುಖ ಮಾಡಿ ಮಗ್ಗದ ಖೋಲಿ, ನಾಲ್ಕು ಪವರ್‌ಲೂಮ್. ಅದರ ಹಿಂದೆಯೇ ಅಡುಗೆಮನೆ, ಪಡಸಾಲೆ, ಮೇಲೊಂದು ಮಾಳಿಗೆ. ಮಗ್ಗ ಓಡುವಾಗ ಪಡಸಾಲೆಯಲ್ಲಿ ಕೂತವರು ಕೂಗಿ ಮಾತಾಡಬೇಕು. ಹತ್ತಿಯ ಧೂಳು ಕಿಟಕಿಯ ಸರಳಿನ ಮೇಲೆ ಬಿಳಿ ನೂಲಿನ ಹಾಗೆ ಕೂತಿರುತ್ತದೆ. ಕಿಟಕಿ ತೆರೆಯೋದು ಕಡಿಮೆ, ಯಾಕೆಂದರೆ ಗಾಳಿಗೆ ಎಳೆ ಹರಿಯುತ್ತದೆ.

ಮುತ್ಯಾನಿಗೆ, ಅಂದರೆ ಮನೆಯ ಅಜ್ಜನಿಗೆ, ಎಪ್ಪತ್ತೊಂದು. ಚಿಕ್ಕಂದಿನಿಂದ ಮಗ್ಗದ ಮುಂದೆ ಕೂತವರು, ಜೊತೆಗೆ ಬೀಡಿ. ಈಗ ಬೀಡಿ ಬಿಟ್ಟಿದ್ದಾರೆ, ದಮ್ಮು ಅವರನ್ನು ಬಿಟ್ಟಿಲ್ಲ. ಶ್ವಾಸಕೋಶದ ಹಳೇ ಕಾಯಿಲೆ, ಸಿಒಪಿಡಿ ಅಂತೀವಲ್ಲ, ಅದು. ಅವರ ಹೆಂಡತಿ ಆಯಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ದಾರೆ. ಮುತ್ಯಾನ ತಂಗಿ ವಿಧವೆ, ಇಲ್ಲೇ ಇದ್ದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ. ಹಿರಿಯ ಮಗ ಮಗ್ಗ ನೋಡಿಕೊಳ್ಳುತ್ತಾನೆ. ಹಿರಿಸೊಸೆ ಅಡುಗೆ, ಆರೈಕೆ ಎಲ್ಲಾ. ಅವರಿಗೆ ಮೂರು ಮಕ್ಕಳು. ಕಿರಿಯ ಮಗ ಒಂದು ಫೈನಾನ್ಸ್ ಆಫೀಸಿನಲ್ಲಿ ವಸೂಲಿಗೆ ತಿರುಗುತ್ತಾನೆ. ಅವನ ಹೆಂಡತಿ, ಒಂದು ಸಣ್ಣ ಹೆಣ್ಣುಮಗು. ಒಟ್ಟು ಹನ್ನೊಂದು.

ಫ್ಲೂ ವೈರಸ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಬೇಕಾ? ಗಾಳಿ ಆಡದ ಕೋಣೆ, ಶಾಲೆಗೆ ಹೋಗುವ ಮೂರು ಮಕ್ಕಳು, ಮೊದಲೇ ಸೋತ ಒಂದು ಜೋಡಿ ಶ್ವಾಸಕೋಶ.

2023ರ ಗಣಪತಿ ಹಬ್ಬ

ಆ ವರ್ಷ ಮಾರ್ಚ್‌ನಲ್ಲೇ ಫ್ಲೂ ಸುದ್ದಿಯಲ್ಲಿತ್ತು. ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡಿದ್ದು ದೇಶದಾದ್ಯಂತ ಟಿವಿಯಲ್ಲಿ ಬಂದಿತ್ತು. ಆದರೆ ಅದು ಹಾಸನದ ಸುದ್ದಿ. ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಏಳು ವರ್ಷದ ಹುಡುಗ ಶಾಲೆಯಿಂದ ಜ್ವರ ತಂದ. ಎರಡು ದಿನಕ್ಕೆ ಅಣ್ಣ-ಅಕ್ಕನಿಗೆ ಬಂತು, ಆಮೇಲೆ ಅವರವ್ವನಿಗೆ. ಫ್ಲೂ ಮೈಗೆ ಸೇರಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ದಿನ ಸಾಕು. ಜ್ವರ ಬರುವ ಮುಂಚಿನ ದಿನದಿಂದಲೇ ಬೇರೆಯವರಿಗೆ ಹರಡಲು ಶುರುವಾಗುತ್ತದೆ. ಮಕ್ಕಳು ದೊಡ್ಡವರಿಗಿಂತ ಹೆಚ್ಚು ದಿನ ವೈರಸ್ ಹರಡುತ್ತಾರೆ. ಹಬ್ಬದ ಹೊತ್ತಿಗೆ ಹನ್ನೊಂದರಲ್ಲಿ ಎಂಟು ಜನ ಮಲಗಿದ್ದರು. ಕಿರಿಯ ಮಗನ ಸಂಸಾರ ಅಥಣಿಯಲ್ಲಿ ಹೆಂಡತಿಯ ತವರಿಗೆ ಹೋಗಿತ್ತು, ಹಾಗಾಗಿ ಆ ಮೂವರು ಉಳಿದುಕೊಂಡರು.

ಹೆಚ್ಚಿನವರಿಗೆ ನಾಲ್ಕು ದಿನದ ಜ್ವರ, ಮೈಕೈ ನೋವು, ಒಣ ಕೆಮ್ಮು. "ಒಂದ್ ಸಲಾಯಿನ್ ಹಚ್ಚಿ ಬಿಡ್ರಿ, ನಾಳೆ ಮಗ್ಗ ಚಾಲೂ ಮಾಡಬೇಕು" ಅಂತ ಹಿರಿಯ ಮಗ ಕ್ಲಿನಿಕ್ಕಿಗೆ ಬಂದ. ಸಲಾಯಿನ್‌ನಿಂದ ವೈರಸ್ ಹೋಗೋದಿಲ್ಲ, ಆಂಟಿಬಯೋಟಿಕ್‌ನಿಂದಲೂ ಹೋಗೋದಿಲ್ಲ. ಅದನ್ನು ಹೇಳಿ ಹೇಳಿ ನಮ್ಮ ಗಂಟಲೇ ಒಣಗುತ್ತದೆ.

ಮುತ್ಯಾನ ವಿಷಯ ಬೇರೆ. ಅವರಿಗೆ ದಿನವೂ ಕೆಮ್ಮು ಇದ್ದದ್ದೇ, ಹಾಗಾಗಿ ಮೊದಲೆರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನ ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂತಿದ್ದರು, ತುಟಿ ನೀಲಿ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಕ್ಸಿಜನ್ ಶೇ. 84ಕ್ಕೆ ಇಳಿದಿತ್ತು. ನಮ್ಮಲ್ಲಿ ಫ್ಲೂ ರೋಗಿಗಳನ್ನು ಎ, ಬಿ, ಸಿ ಅಂತ ವಿಂಗಡಿಸುವ ಸರ್ಕಾರಿ ಮಾರ್ಗಸೂಚಿ ಹಂದಿಜ್ವರದ ಕಾಲದಿಂದಲೂ ಇದೆ. ಎ ಅಂದರೆ ಮನೆಯಲ್ಲೇ ಇರಬಹುದು. ಬಿ ಅಂದರೆ ಔಷಧ ಬೇಕು, ಅದರಲ್ಲೂ ವಯಸ್ಸಾದವರು, ಬಸುರಿಯರು, ಹಳೇ ಕಾಯಿಲೆಯವರಿಗೆ ತಡ ಮಾಡುವಂತಿಲ್ಲ. ಸಿ ಅಂದರೆ ಉಸಿರಾಟಕ್ಕೆ ತೊಂದರೆ, ತಕ್ಷಣ ಆಸ್ಪತ್ರೆ. ಮುತ್ಯಾ ನೇರವಾಗಿ ಸಿ. ಜಮಖಂಡಿಯಲ್ಲಿ ಆಕ್ಸಿಜನ್ ಕೊಟ್ಟು, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಿರಜಕ್ಕೆ ಒಯ್ದರು.

ಅಲ್ಲಿ ಮೂಗಿನ ಸ್ವಾಬ್‌ನಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ ವೈರಸ್ಸಿನ ಒಂದು ಬಗೆ, ಬಂತು. ಅದರ ಮೇಲೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬೇರೆ. ಫ್ಲೂ ಶ್ವಾಸನಾಳದ ಒಳಪದರವನ್ನು ಹಾಳು ಮಾಡುತ್ತದೆ, ಆ ಸಂದಿಯಲ್ಲಿ ಬ್ಯಾಕ್ಟೀರಿಯಾ ನುಗ್ಗುತ್ತದೆ. ವಯಸ್ಸಾದವರ ಜೀವ ತೆಗೆಯೋದು ಎಷ್ಟೋ ಸಲ ಈ ಎರಡನೇ ಪೆಟ್ಟು. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಗುಳಿಗೆ ಶುರು ಮಾಡಿದರು, ಆದರೆ ಅದು ಚೆನ್ನಾಗಿ ಕೆಲಸ ಮಾಡೋದು ಮೊದಲ 48 ತಾಸಿನೊಳಗೆ ಕೊಟ್ಟರೆ. ಆ ಹೊತ್ತು ಆಗಲೇ ಮೀರಿತ್ತು.

ಮುತ್ಯಾ ಬದುಕಿ ಬಂದರು. ಒಂದೂ ಕಾಲು ಲಕ್ಷ ಮೀರಿ ಖರ್ಚಾಯ್ತು. ಮಗ್ಗ ಹತ್ತು ದಿನ ನಿಂತವು, ಅದರಲ್ಲಿ ಕೂಲಿಗೆ ಬರುವ ಇಬ್ಬರ ದುಡಿಮೆಯೂ ಹೋಯ್ತು. ಆಯಿಯ ಸಕ್ಕರೆ ಜ್ವರದಲ್ಲಿ ಏರಿದ್ದು ಇಳಿಯಲು ದೀಪಾವಳಿಯೇ ಬರಬೇಕಾಯ್ತು. ಮುತ್ಯಾನ ಉಸಿರು ಮಾತ್ರ ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ. ಮೊದಲು ಗುಡಿಯವರೆಗೆ ನಡೆದು ಹೋಗುತ್ತಿದ್ದರು, ಈಗ ಓಣಿಯ ತುದಿಯ ಕಟ್ಟೆಯ ತನಕ ಅಷ್ಟೇ. ಸಿಒಪಿಡಿ ಇರುವವರಿಗೆ ಇಂಥ ಒಂದೊಂದು ಪೆಟ್ಟೂ ಕಾಯಂ ಸಾಲ. ಆಸ್ಪತ್ರೆ ಬಿಲ್ಲಿನಲ್ಲಿ ಇದು ಕಾಣೋದಿಲ್ಲ.

ಯಾರಿಗೆ ನಾಲ್ಕು?

2024ರ ಮೇ ತಿಂಗಳಲ್ಲಿ ಮುತ್ಯಾನ ತಪಾಸಣೆಗೆ ಮನೆಮಂದಿಯೆಲ್ಲ ಬಂದಾಗ ಲಸಿಕೆಯ ಮಾತು ತೆಗೆದೆ. ಮೇ ಅಂತ ಯಾಕೆ ಅಂದರೆ, ನಮ್ಮ ದೇಶದ ಬಹುಪಾಲು ಕಡೆ ಫ್ಲೂ ಮಳೆಗಾಲದ ರೋಗ. ಚಳಿ ದೇಶಗಳಲ್ಲಿ, ನಮ್ಮಲ್ಲೇ ಕಾಶ್ಮೀರದಲ್ಲಿ, ಅದು ಚಳಿಗಾಲಕ್ಕೆ ಏರುತ್ತದೆ. ನಮ್ಮ ಕಡೆ ಜೂನ್ ನಂತರ ಏರಿ, ಮಳೆ ಮುಗಿಯುವ ಹೊತ್ತಿಗೆ ಜೋರಾಗುತ್ತದೆ. ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಅಲೆ ಬರುತ್ತದೆ. ಲಸಿಕೆ ಹಾಕಿಸಿದ ಮೇಲೆ ಮೈಯಲ್ಲಿ ರೋಗ ತಡೆಯುವ ಪ್ರತಿಕಾಯ ತಯಾರಾಗಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್-ಮೇ ನಮಗೆ ಸರಿಯಾದ ಹೊತ್ತು. ಬಹಳ ಜನ ಊರಲ್ಲಿ ಜ್ವರ ಎದ್ದ ಮೇಲೆ ಓಡಿ ಬರುತ್ತಾರೆ.

ಲಸಿಕೆಗೆ ಆಗ ಒಂದೂವರೆಯಿಂದ ಎರಡು ಸಾವಿರ ರೂಪಾಯಿ ಇತ್ತು. ಸರ್ಕಾರದ ಉಚಿತ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಫ್ಲೂ ಇಲ್ಲ. ತಾಯಿ ಕಾರ್ಡಿನಲ್ಲಿ ಬಸುರಿಗೆ ಧನುರ್ವಾಯು-ಗಂಟಲಮಾರಿ ತಡೆಯುವ ಟಿಡಿ ಸೂಜಿ ಇದೆ, ಫ್ಲೂ ಸೂಜಿ ಇಲ್ಲ. ನನ್ನ ಕೇಳಿದರೆ, ಕನಿಷ್ಠ ಬಸುರಿಯರಿಗೂ ದಮ್ಮಿನ ಮುದುಕರಿಗೂ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬೇಕು. ಅದು ಆಗುವ ತನಕ ಕೈಯಿಂದಲೇ ದುಡ್ಡು. ಹನ್ನೊಂದು ಜನಕ್ಕೆ ಇಪ್ಪತ್ತು ಸಾವಿರದ ಹತ್ತಿರ. ಹಿರಿಯ ಮಗ ಲೆಕ್ಕ ಹಾಕಿ, ಏಳು ಸಾವಿರ ಹೊಂದಿಸಬಹುದು ಅಂದ. ಅಂದರೆ ನಾಲ್ಕು.

ಮುತ್ಯಾ ಮೊದಲು ಬಾಯಿ ಬಿಟ್ಟರು. "ನನಗ್ಯಾಕ್ರಿ ಡಾಕ್ಟ್ರ? ಇವತ್ತ ನಾಳೆ ಅನ್ನೋ ಜೀವ. ಹುಡುಗ್ರಿಗೆ ಮಾಡ್ರಿ."

ಹಿರಿಯ ಮಗನ ವಾದ ಬೇರೆ. "ದುಡಿಯೋರು ಮಲಗಿದ್ರ ಮನೀ ಹೆಂಗ ನಡೀಬೇಕ್ರಿ? ನನಗ, ತಮ್ಮಗ ಮೊದಲ ಮಾಡ್ರಿ."

ಆಯಿ ಇಬ್ಬರಿಗೂ ಉತ್ತರ ಕೊಡಲಿಲ್ಲ. "ಹೋದ ವರ್ಸ ಇವರ ದವಾಖಾನಿ ಬಿಲ್ಲಿನ್ಯಾಗ ಅರ್ಧ ಓಣಿಗೆ ಸೂಜಿ ಮಾಡಿಸಬಹುದಿತ್ತಲ್ಲ" ಅಂದರು. ಸಾರ್ವಜನಿಕ ಆರೋಗ್ಯದ ಪಾಠದಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ಕೇಳಿಲ್ಲ ನಾನು. ಒಂದೂ ಕಾಲು ಲಕ್ಷಕ್ಕೆ ಸುಮಾರು ಎಪ್ಪತ್ತು ಲಸಿಕೆ ಬರುತ್ತವೆ, ಭಾಗಿಸಿ ನೋಡಿ.

ಮಕ್ಕಳಿಗೆ ಮೊದಲು ಅನ್ನೋ ಮುತ್ಯಾನ ಮಾತಿನಲ್ಲೂ ಹುರುಳಿದೆ. ಜಪಾನಿನಲ್ಲಿ 1960ರ ದಶಕದಿಂದ ಶಾಲಾ ಮಕ್ಕಳಿಗೆ ಸಾಮೂಹಿಕವಾಗಿ ಫ್ಲೂ ಲಸಿಕೆ ಹಾಕುತ್ತಿದ್ದರು. 1987ರಲ್ಲಿ ಪೋಷಕರು ಬೇಡ ಅನ್ನಬಹುದು ಅಂತ ಸಡಿಲಿಸಿದರು, 1994ರಲ್ಲಿ ಕಾರ್ಯಕ್ರಮವೇ ನಿಂತಿತು. ಆಮೇಲೆ ಲೆಕ್ಕ ತೆಗೆದು ನೋಡಿದರೆ, ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಕಾಲದಲ್ಲಿ ಚಳಿಗಾಲದ ಹೆಚ್ಚುವರಿ ಸಾವು ಇಳಿದಿತ್ತು, ನಿಲ್ಲಿಸಿದ ಮೇಲೆ ಮತ್ತೆ ಏರಿತ್ತು. ಉಳಿದಿದ್ದ ಜೀವ ಬಹುಪಾಲು ಮುದುಕರದು. ಸೂಜಿ ಮೊಮ್ಮಕ್ಕಳಿಗೆ, ಲಾಭ ಅಜ್ಜ-ಅಜ್ಜಿಗೆ! ಕೆನಡಾದ ಹಟರೈಟ್ ಪಂಗಡದ ಹಳ್ಳಿಗಳಲ್ಲೂ ಇದನ್ನು ಪರೀಕ್ಷಿಸಿದ್ದಾರೆ. ಅವರು ಗುಂಪಾಗಿ ಒಟ್ಟಿಗೇ ಬದುಕುವ ಜನ. ಮಕ್ಕಳಿಗೆ ಲಸಿಕೆ ಹಾಕಿದ ಹಳ್ಳಿಗಳಲ್ಲಿ, ಲಸಿಕೆ ಹಾಕಿಸಿಕೊಳ್ಳದವರಿಗೂ ಫ್ಲೂ ಶೇ. 60ರಷ್ಟು ಕಡಿಮೆ ಬಂತು ಅಂತ 2010ರಲ್ಲಿ ಪ್ರಕಟವಾಯ್ತು.

ಆದರೆ ಅಲ್ಲಿ ಹಾಕಿದ್ದು ಊರಿನ ಹೆಚ್ಚಿನ ಮಕ್ಕಳಿಗೆ. ಒಂದು ಮನೆಯಲ್ಲಿ ಒಬ್ಬಿಬ್ಬರಿಗೆ ಹಾಕಿ ಆ ಲಾಭ ಸಿಗಲಿ ಅಂದರೆ ಹೇಗೆ? ಪಕ್ಕದ ಬೆಂಚಿನ ಹುಡುಗನಿಗೆ ಹಾಕಿಲ್ಲವಲ್ಲ. ಇನ್ನೊಂದು ತೊಡಕೂ ಇತ್ತು. ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲ ಹಾಕುವಾಗ ನಾಲ್ಕು ವಾರ ಬಿಟ್ಟು ಎರಡು ಸಲ ಹಾಕಬೇಕು. ಈ ಮನೆಯ ಸಣ್ಣ ಹುಡುಗನಿಗೆ ಆಗ ಎಂಟು, ಹೆಣ್ಣುಮಗುವಿಗೆ ಮೂರು. ಅವರಿಬ್ಬರಿಗೇ ನಾಲ್ಕೂ ಮುಗಿದುಬಿಡುತ್ತಿದ್ದವು.

ಶಾಲೆ ಪೂರ್ತಿ ಲಸಿಕೆ ಹಾಕುವಂತಿದ್ದರೆ ಮಕ್ಕಳಿಂದ ಶುರು ಮಾಡು ಅನ್ನುತ್ತಿದ್ದೆ. ನಾಲ್ಕೇ ಇದ್ದಾಗ, ಯಾರಿಗೆ ಬಂದರೆ ಆಸ್ಪತ್ರೆ ಸೇರುತ್ತಾರೋ ಅವರಿಂದ ಶುರು ಮಾಡಬೇಕು. ಮುತ್ಯಾ ಒಂದು. ಆಯಿ ಎರಡು. ಸಕ್ಕರೆ ಕಾಯಿಲೆಯವರಿಗೆ ಫ್ಲೂ ಬಂದರೆ ಬರೀ ಶ್ವಾಸಕೋಶದ ಭಯ ಅಲ್ಲ, ಹೃದಯದ ಭಯವೂ ಇದೆ. ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನ 2018ರಲ್ಲಿ ಬಂತು: ಫ್ಲೂ ಖಚಿತವಾದ ಮೊದಲ ಏಳು ದಿನದಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಆರು ಪಟ್ಟು. "ಜ್ವರ ಬಂದಿತ್ತು, ಕಡಿಮೆ ಆಗಿತ್ತು, ಆಮ್ಯಾಲೆ ಹಾರ್ಟ್ ಅಟ್ಯಾಕ್ ಆತು" ಅಂತ ಎಷ್ಟು ಮನೆಗಳಲ್ಲಿ ಕೇಳಿದ್ದೇವೆ.

ಮೂರನೆಯದು ಕಿರಿಸೊಸೆಗೆ. ಆಕೆಗೆ ಆಗ ನಾಲ್ಕು ತಿಂಗಳು. 2009ರಲ್ಲಿ ಹಂದಿಜ್ವರ ಬಂದಾಗ ಬಸುರಿಯರಿಗೆ ಅದು ಎಷ್ಟು ಜೋರಾಗಿ ಹೊಡೆಯುತ್ತದೆ ಅನ್ನೋದು ಪ್ರಪಂಚಕ್ಕೇ ಗೊತ್ತಾಯ್ತು. ಆ ವರ್ಷ ಆಗಸ್ಟ್‌ನಲ್ಲಿ ದೇಶದ ಮೊದಲ ಸಾವು ಆಗಿದ್ದು ಪುಣೆಯಲ್ಲಿ. ಪುಣೆ, ಇಚಲಕರಂಜಿ ಕಡೆ ದುಡಿಯಲು ಹೋದ ನಮ್ಮ ಎಷ್ಟೋ ಮಂದಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಊರಿಗೆ ಬಂದಿದ್ದರು. ಆದರೆ ಇಲ್ಲಿ ನನ್ನ ಮುಖ್ಯ ಕಾರಣ ಹುಟ್ಟಲಿರುವ ಕೂಸು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ. ಅದಕ್ಕಿರುವ ರಕ್ಷಣೆ ಅವ್ವನಿಂದ ಬಂದಿದ್ದು ಮಾತ್ರ. ಬಸುರಿಗೆ ಹಾಕಿದರೆ ಪ್ರತಿಕಾಯ ಮಾಸಿನ ಮೂಲಕ ಕೂಸಿಗೆ ದಾಟುತ್ತದೆ, ಮೊದಲ ಕೆಲವು ತಿಂಗಳು ಕಾಯುತ್ತದೆ. ನೇಪಾಳ, ಮಾಲಿ, ದಕ್ಷಿಣ ಆಫ್ರಿಕಾದಲ್ಲಿ ಸಾವಿರಾರು ಬಸುರಿಯರ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೂಸು ಹುಟ್ಟೋದು ಅಕ್ಟೋಬರ್ ಕೊನೆಗೆ, ಅದು ಎಳೆಯದಿರುವಾಗಲೇ ಜನವರಿಯ ಅಲೆ. ಒಂದು ಸೂಜಿಗೆ ಎರಡು ಜೀವ.

ನಾಲ್ಕನೆಯದಕ್ಕೆ ಜಗ್ಗಾಟವಾಯ್ತು. ನಾನು ಹಿರಿಸೊಸೆ ಅಂದೆ. ಮುತ್ಯಾನಿಗೆ ಊಟ ಕೊಡೋದು, ಬೆನ್ನು ತಿಕ್ಕೋದು, ರಾತ್ರಿ ಎದ್ದು ನೀರು ಕೊಡೋದು ಆಕೆ. ವಯಸ್ಸಾದವರ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸೋದಿಲ್ಲ. ಹಾಗಾಗಿ ಅವರ ಹತ್ತಿರ ಇರುವವರಿಗೂ ಹಾಕಿದರೆ ಎರಡು ಬಾಗಿಲು ಮುಚ್ಚಿದ ಹಾಗೆ. ಹಿರಿಯ ಮಗನಿಗೆ ಇದು ಸರಿ ಕಾಣಲಿಲ್ಲ. ಆದರೆ ಹೋದ ವರ್ಷ ಹೆಂಡತಿ ಮಲಗಿದ್ದಾಗ ಮನೆ ಹೇಗಿತ್ತು ಅನ್ನೋದು ಅವನಿಗೂ ನೆನಪಿತ್ತು. ಸುಮ್ಮನಾದ.

ಆಯಿಯ ಪ್ರಶ್ನೆ

ಲಸಿಕೆ ಬಂತು, ತೋಳು ಮುಂದೆ ಮಾಡುವ ಹೊತ್ತಿಗೆ ಆಯಿ ಕೇಳಿದರು. "ಇದನ್ನ ತತ್ತ್ಯಾಗ ಮಾಡ್ತಾರಂತ, ಖರೇನಾ?" ಕೊರಳಲ್ಲಿ ಲಿಂಗ ಕಟ್ಟಿದವರು, ತತ್ತಿ ಮುಟ್ಟಿದವರಲ್ಲ. ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ.

ಖರೆ ಅಂದೆ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿ ಮೊಟ್ಟೆಯೊಳಗೆ ಬೆಳೆಸುತ್ತಾರೆ, ಆಮೇಲೆ ಅದನ್ನು ಸಾಯಿಸಿ, ಶುದ್ಧ ಮಾಡುತ್ತಾರೆ. ಮೊಟ್ಟೆಯ ಅಂಶ ಅತ್ಯಲ್ಪ ಉಳಿದಿರಬಹುದು. ಮುಚ್ಚಿಡುವ ಅಗತ್ಯವಿರಲಿಲ್ಲ. ಈ ಭಾಗದಲ್ಲಿ ಈ ಪ್ರಶ್ನೆ ಸಹಜ, ಉತ್ತರ ನೇರವಾಗಿರಬೇಕು. ಆಯಿ ಸ್ವಲ್ಪ ಹೊತ್ತು ಯೋಚಿಸಿದರು. "ಇನ್ಸುಲಿನ್ ಯಾತರಿಂದ ಬರತೈತಿ ಅಂತ ನಾ ಯಾವತ್ತರ ಕೇಳೇನೇನು?" ಅಂತ ತಾವೇ ಹೇಳಿ ತೋಳು ಚಾಚಿದರು.

ಹಿರಿಯ ಮಗ ಲಸಿಕೆ ತಂದಿದ್ದು ಜಮಖಂಡಿಯಿಂದ, ಬೈಕ್ ಮೇಲೆ. 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಇಟ್ಟರೆ ಕೆಡುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಸಣ್ಣ ಡಬ್ಬಿ, ಕೆಳಗೆ ಐಸ್ ಪ್ಯಾಕ್, ಮೇಲೆ ದಪ್ಪ ಟವೆಲ್, ಅದರ ಮೇಲೆ ಸೂಜಿಗಳು. ಪೆಟ್ಟಿಗೆಯ ಮೇಲೆ ಯಾವ ವರ್ಷದ ತಳಿ ಅಂತ ಬರೆದಿರುತ್ತದೆ, ಅದನ್ನು ಓದಿ ನೋಡಿದೆ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ ತಳಿಗಳನ್ನು ಸೂಚಿಸುತ್ತದೆ. ಅಂಗಡಿಯಲ್ಲಿ ಹಳೇ ಸ್ಟಾಕ್ ಉಳಿದಿದ್ದರೆ ಬೇಡ ಅನ್ನಬೇಕು.

ಅಥಣಿಯಿಂದ ಬಂದ ಕಿರಿಸೊಸೆಯ ಅಪ್ಪ ಇದನ್ನೆಲ್ಲ ಕೇಳಿ, ಮೊಮ್ಮಗಳ ಎರಡು ಸೂಜಿಯ ದುಡ್ಡು ನನ್ನದು ಅಂದರು. ಹಾಗಾಗಿ ಲಸಿಕೆ ಪಡೆದವರು ಐದಾದರು. ಮೂವರಿಗೆ ಒಂದು ದಿನ ತೋಳು ನೋವು. ಹಿರಿಸೊಸೆಗೆ ಸಂಜೆ ಸ್ವಲ್ಪ ಮೈ ಬಿಸಿ. ಸತ್ತ ವೈರಸ್ಸಿನಿಂದ ಫ್ಲೂ ಬರೋದಿಲ್ಲ.

ಮತ್ತೆ ಬಂತು

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಹಬ್ಬ ಮುಗಿದ ಬೆನ್ನಿಗೆ, ನಡುವಿನ ಹುಡುಗನಿಗೆ ಜ್ವರ. ಆಮೇಲೆ ತಮ್ಮ, ಅಕ್ಕ, ಅವರಪ್ಪ, ಮುತ್ಯಾನ ತಂಗಿ. ಈ ಸಲ ಮನೆಯವರು ಮೊದಲ ದಿನವೇ ಮುತ್ಯಾನ ಹಾಸಿಗೆ ಮಾಳಿಗೆಗೆ ಒಯ್ದರು. ಆದರೂ ಅವರಿಗೂ ಜ್ವರ ಬಂತು.

"ಸೂಜಿ ಮಾಡಿಸಿದ್ರೂ ಬಂತಲ್ರಿ!" ಹಿರಿಯ ಮಗ ಜ್ವರದಲ್ಲೇ ಫೋನ್ ಮಾಡಿ ಜಗಳಕ್ಕೆ ನಿಂತ. ಏಳು ಸಾವಿರ ಹೋಯ್ತು ಅನ್ನೋ ಸಿಟ್ಟು.

ಹೋಗಿ ನೋಡಿದೆ. ಮುತ್ಯಾ ಮಾಳಿಗೆಯಲ್ಲಿ ಗೋಡೆಗೆ ಒರಗದೆ, ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಆಕ್ಸಿಜನ್ 93, ಅಂದರೆ ಅವರ ಎಂದಿನ ಮಟ್ಟವೇ. ಸ್ವಾಬ್ ಕಳಿಸಿದೆ, ಪಾಸಿಟಿವ್. ಎರಡನೇ ದಿನವೇ ಒಸೆಲ್ಟಾಮಿವಿರ್ ಶುರುವಾಗಿತ್ತು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಲಸಿಕೆ ಹಾಕಿಸಿದ ಐವರಲ್ಲಿ ಒಬ್ಬರಿಗೆ ಬಂತು, ಹಾಕಿಸದ ಆರರಲ್ಲಿ ಐದು ಜನಕ್ಕೆ ಬಂತು. ಕಿರಿಯ ಮಗನಿಗೆ ಸೂಜಿಯೂ ಇಲ್ಲ, ಜ್ವರವೂ ಇಲ್ಲ! ಒಂದು ಮನೆಯ ಲೆಕ್ಕದಿಂದ ಏನನ್ನೂ ಸಾಬೀತು ಮಾಡಲಾಗೋದಿಲ್ಲ. ಪರೀಕ್ಷೆ ಮಾಡಿಸಿದ್ದು ಮುತ್ಯಾನಿಗೆ ಮಾತ್ರ, ಉಳಿದವರದು ಲಕ್ಷಣ ನೋಡಿ ಹೇಳಿದ್ದು. ಆ ವರ್ಷದ ವೈರಸ್ಸೇ ಬೇರೆ ಇರಬಹುದು, ಹಿಂದಿನ ವರ್ಷದ ಸೋಂಕಿನಿಂದ ಬಂದ ಶಕ್ತಿಯೂ ಇರಬಹುದು. ಮುತ್ಯಾ ಚೇತರಿಸಿಕೊಂಡಿದ್ದರಲ್ಲಿ ಲಸಿಕೆಯ ಪಾಲೆಷ್ಟು, ಬೇಗ ಕೊಟ್ಟ ಗುಳಿಗೆಯ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರೋದಿಲ್ಲ.

ದೊಡ್ಡ ಲೆಕ್ಕ ಹೇಳೋದು ಇಷ್ಟು: ತಳಿ ಚೆನ್ನಾಗಿ ಹೊಂದಿದ ವರ್ಷ ಲಸಿಕೆಯಿಂದ ಫ್ಲೂಗಾಗಿ ಡಾಕ್ಟರ ಹತ್ತಿರ ಹೋಗಬೇಕಾದ ಸಂಭವ ಶೇ. 40ರಿಂದ 60 ಇಳಿಯುತ್ತದೆ. ಹೊಂದದ ವರ್ಷ ಇನ್ನೂ ಕಡಿಮೆ. ನಮ್ಮದೇ ದೇಶದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮಕ್ಕಳ ಮೇಲೆ ಮೂರು ವರ್ಷ ಪರೀಕ್ಷೆ ನಡೆಸಿದಾಗ, ಮೊದಲ ವರ್ಷ ರಕ್ಷಣೆ ಶೇ. 26ರ ಆಸುಪಾಸು, ಮೂರನೇ ವರ್ಷ ಶೇ. 74. ಅದೇ ಊರುಗಳು, ಅದೇ ರೀತಿಯ ಲಸಿಕೆ, ಇಷ್ಟು ಏರುಪೇರು. ಪೋಲಿಯೊ, ದಡಾರದ ಲಸಿಕೆಯ ಹಾಗೆ ಇದು ಚಿಕ್ಕಂದಿನಲ್ಲಿ ಹಾಕಿ ಮರೆಯುವಂಥದ್ದಲ್ಲ. ಆದರೆ ಪ್ರಪಂಚದಲ್ಲಿ ವರ್ಷಕ್ಕೆ 30ರಿಂದ 50 ಲಕ್ಷ ಜನಕ್ಕೆ ಫ್ಲೂ ತೀವ್ರವಾಗುತ್ತದೆ, 2.9 ಲಕ್ಷದಿಂದ 6.5 ಲಕ್ಷ ಜನ ಉಸಿರಾಟದ ತೊಂದರೆಯಿಂದ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅರ್ಧ ತಪ್ಪಿಸುವ ಲಸಿಕೆಯೂ ಸಣ್ಣದಲ್ಲ. ನಾನು ಹಿರಿಯ ಮಗನಿಗೆ ಕೇಳಿದ್ದು ಬೇರೆ ಪ್ರಶ್ನೆ: ಈ ಸಲ ಮಗ್ಗ ಎಷ್ಟು ದಿನ ನಿಂತಿತ್ತು? ನಾಲ್ಕು ದಿನ ಅಂದ. ಅದೂ ಅವನು ಮಲಗಿದ್ದಕ್ಕೆ.

ಕೂಸು ಅಕ್ಟೋಬರ್ ಕೊನೆಯ ವಾರ ಹುಟ್ಟಿತು, ಗಂಡು. ಜನವರಿಯಲ್ಲಿ ಮನೆಯ ಹುಡುಗರಿಗೆ ಮತ್ತೆ ನೆಗಡಿ-ಜ್ವರ ಬಂದಾಗ ಕೂಸಿಗೆ ಮೂಗು ಕಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

2025ರ ಮೇ ತಿಂಗಳಿಗೆ ಲೆಕ್ಕ ಬದಲಾಯ್ತು. ಹೆಣ್ಣುಮಗುವಿಗೆ ಈಗ ಒಂದೇ ಸಾಕು, ಹೋದ ವರ್ಷ ಎರಡು ಆಗಿವೆ. ಕೂಸಿಗೆ ಆರು ತಿಂಗಳು ದಾಟಿದೆ, ಅದಕ್ಕೆ ಎರಡು ಬೇಕು. ಅಥಣಿಯ ಅಜ್ಜ ಈ ಸಲವೂ ದುಡ್ಡು ಕಳಿಸಿದರು. ಮನೆಯ ನಾಲ್ಕರಲ್ಲಿ ಕಿರಿಸೊಸೆಯ ಪಾಲನ್ನು ಯಾರಿಗೆ ಅಂತ ಕೇಳಿದಾಗ, ಆಯಿ ನಾದಿನಿಯ ಕಡೆ ಕೈ ತೋರಿಸಿದರು. ಮಗ್ಗದ ಖೋಲಿಯಲ್ಲಿ ದಿನವೆಲ್ಲ ಧೂಳು ಕುಡಿಯುತ್ತಾ ಕಂಡಿಕೆ ಸುತ್ತುವವರು ಅವರೇ, ಅರವತ್ತು ದಾಟಿದೆ. ಹಿರಿಯ ಮಗ ಆ ವರ್ಷವೂ ಹಾಕಿಸಿಕೊಳ್ಳಲಿಲ್ಲ. ಕೂಲಿಗೆ ಬರುವ ಇಬ್ಬರಿಗೆ ಹಾಕಿಸಿದರೆ ದುಡ್ಡು ಪಗಾರದಲ್ಲಿ ಹಿಡೀಬೇಕೋ, ತಾನೇ ಕೊಡಬೇಕೋ ಅಂತ ಮಾತ್ರ ಕೇಳಿದ. ನೀನೇ ಕೊಡು ಅಂದೆ. ನೋಡೂಣ್ರಿ ಅಂದಿದ್ದಾನೆ.